ಬೀಗದಂಗಡಿಯ ಮೆಟ್ಟಿಲ ಮೇಲೆ ತೆಗೆಸಿದ ಫೋಟೋಗಳು

ನಮ್ಮ ದೊಡ್ಡಮ್ಮ ಯಾವುದೇ ಆಗಲಿ, ಬೇಕಾದ್ದಕ್ಕಿಂತ ಒಂದು ಬೆರಳು ಹೆಚ್ಚಿದ್ದರೂ ಸಹಿಸುತ್ತಿರಲಿಲ್ಲ. ಬಟ್ಟೆ ಹೆಚ್ಚಾದರೆ ಕತ್ತರಿ, ಮಾತು ಹೆಚ್ಚಾದರೆ ಗದರಿಕೆ. ಹಳೆಯ ಪೇಟೆಬೀದಿಯ ಮಹಡಿ ಕೋಣೆಯೊಂದರಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು, ಗಂಡ ಹೋದ ಮೇಲೆ ಮೂರು ಮಕ್ಕಳನ್ನು ದಡ ಸೇರಿಸಿದವಳು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಗಿರಾಕಿ ಯಾರಾದರೂ ಬಂದು, "ಸ್ವಲ್ಪ ಬಿಗಿ ಆಯ್ತಲ್ಲ" ಎಂದರೆ, "ಅಳತೆ ಕೊಡೋವಾಗ ಹೊಟ್ಟೆ ಒಳಗೆ ಎಳ್ಕೊಂಡು ನಿಂತಿದ್ದು ಯಾರು, ನಾನಾ?" ಎನ್ನುವಳು. ಆದರೂ ಮರುದಿನವೇ ಬಿಚ್ಚಿ ಸರಿಮಾಡಿ ಕೊಡುವಳು. ಅವಳ ತಂಗಿಯ ಮಗಳಾದ ನಾನು ಬೆಳೆದದ್ದೆಲ್ಲ ಅವಳ ಮೇಜಿನ ಕೆಳಗೆ, ಚಿಂದಿಗಳ ನಡುವೆ.

ಈಗ ನಾನು ಅದೇ ಬೀದಿಯ ಕೊನೆಯ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದೇನೆ. ರಸ್ತೆ ಅಗಲ ಮಾಡುತ್ತೇವೆಂದು ಬೀದಿಯ ಒಂದು ಸಾಲನ್ನು ಪೂರ್ತಿ ಕೆಡವಿದರು. ನಿಂತಿದ್ದಾಗ ಆ ಕಲ್ಲುಕಂಬಗಳ ಕಡೆಗೆ ಒಬ್ಬರೂ ಕತ್ತೆತ್ತಿ ನೋಡಿರಲಿಲ್ಲ, ಬಿದ್ದ ಮೇಲೆ ಎಲ್ಲರಿಗೂ ಪ್ರೀತಿ ಉಕ್ಕಿ ಬಂತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಅಂತಾರಲ್ಲ, ಹಾಗೆ. ಯಾರ ಮನೆಯಲ್ಲಿ ಬೀದಿಯ ಹಳೆಯ ಫೋಟೋ ಇದ್ದರೂ ತನ್ನಿ, ಪ್ರತಿ ಮಾಡಿಕೊಂಡು ವಾಪಸ್ ಕೊಡುತ್ತೇವೆ, ಹಾಲ್‌ನಲ್ಲಿ ಎಲ್ಲರೂ ನೋಡಲಿ ಎಂದು ಬಾಗಿಲಿಗೆ ಹಾಳೆ ಅಂಟಿಸಿದೆವು. "ನಮ್ಮ ಮನೆಯಲ್ಲಿರುವಷ್ಟು ಯಾರ ಹತ್ತಿರವೂ ಇಲ್ಲ" ಎಂದು ನಾನು ಮೊದಲೇ ಜಂಬ ಕೊಚ್ಚಿಕೊಂಡಿದ್ದೆ.

ಜಂಬಕ್ಕೆ ಕಾರಣವೂ ಇತ್ತು. ಇಕ್ಕಟ್ಟಿನ ಆ ಬೀದಿಯಲ್ಲಿ ಬಿಸಿಲು ನೇರವಾಗಿ ಬೀಳುತ್ತಿದ್ದುದು ನಮ್ಮ ಎದುರಿನ ಬೀಗದಂಗಡಿಯ ಮೆಟ್ಟಿಲ ಮೇಲೆ ಮಾತ್ರ. ಸೈಕಲ್ಲಿನಲ್ಲಿ ಬರುತ್ತಿದ್ದ ಫೋಟೋದವನು ಬೇರೆಲ್ಲೂ ನಿಲ್ಲಿಸಲು ಒಪ್ಪುತ್ತಿರಲಿಲ್ಲ. ಮಗು ಹುಟ್ಟಿದರೆ, ಯಾರಾದರೂ ಪಾಸಾದರೆ, ಹೊಸ ಬಟ್ಟೆ ಹೊಲಿದರೆ, ನಾವೆಲ್ಲ ಆ ಮೆಟ್ಟಿಲ ಮೇಲೆ ಸಾಲಾಗಿ ನಿಲ್ಲುತ್ತಿದ್ದೆವು.

ಆ ಅಂಗಡಿಯವರನ್ನು ಬೀದಿಯೆಲ್ಲ ಬೀಗರು ಎಂದೇ ಕರೆಯುತ್ತಿತ್ತು. ಹೆಣ್ಣು ಕೊಟ್ಟ ಬೀಗರಲ್ಲ, ಬೀಗ ರಿಪೇರಿ ಮಾಡುವ ಬೀಗರು. ಹಾಳೆ ಅಂಟಿಸಿದ ವಾರದಲ್ಲೇ ಅವರು ಬರಿಗೈಯಲ್ಲಿ ಗ್ರಂಥಾಲಯಕ್ಕೆ ಬಂದರು. ಅಂಗಡಿ ಕೆಡವಿದ ಮೇಲೆ ಮಗಳ ಮನೆಯಲ್ಲಿದ್ದರು, ತುಂಬ ಬಡವಾಗಿದ್ದರು.

"ನಾನು ಕೊಡೋಕೆ ಬಂದಿಲ್ಲಮ್ಮ, ಕೇಳೋಕೆ ಬಂದೆ" ಎಂದರು. "ನಮ್ಮನೆಯವಳದ್ದು ಒಂದು ಫೋಟೋನೂ ಇಲ್ಲ. ಅವಳು ಹೋಗಿ ಇಪ್ಪತ್ತು ವರ್ಷ ದಾಟ್ತು. ಈಚೀಚೆಗೆ ಕಣ್ಮುಚ್ಚಿದ್ರೆ ಮುಖ ಬರ್ತಿಲ್ಲ. ಮಾತು ಕೇಳ್ಸುತ್ತೆ, ಮುಖ ಬರಲ್ಲ. ನಿಮ್ಮ ಮನೆಯವರು ಫೋಟೋ ತೆಗೆಸೋವಾಗೆಲ್ಲ ಹಿಂದೆ ಬಾಗಿಲಲ್ಲಿ ನಿಂತಿರೋಳು. ಒಂದರಲ್ಲಾದ್ರೂ ಸಿಕ್ಕಿರ್ತಾಳೆ ಅಲ್ವಾ?"

"ಒಂದಾ? ಹತ್ತು ಸಿಗುತ್ತೆ ಬನ್ನಿ" ಎಂದೆ. ಮಾತು ಕೊಡಲು ನನಗೇನು ಖರ್ಚು! ಸಂಜೆಯೇ ಅವರನ್ನು ದೊಡ್ಡಮ್ಮನ ಮನೆಗೆ ಕರೆದುಕೊಂಡು ಹೋದೆ.

ದೊಡ್ಡಮ್ಮ ಸಂಭ್ರಮದಿಂದಲೇ ಆಲ್ಬಂ ತಂದಳು. "ಬನ್ನಿ ಬೀಗ್ರೇ, ಕೂತ್ಕೊಳ್ಳಿ. ನಿಮ್ಮ ಮೆಟ್ಟಿಲಿಗೆ ನಾವು ಬಾಡಿಗೆ ಕೊಡಬೇಕಿತ್ತು" ಎಂದು ನಗಾಡಿದಳು. ಆಲ್ಬಂ ತೆರೆದೆವು. ನನ್ನ ಅಮ್ಮ, ಅಣ್ಣಂದಿರು, ಬೋಳುತಲೆಯ ನಾನು, ಎಲ್ಲರೂ ಇದ್ದೆವು. ಆದರೆ ಪ್ರತಿ ಫೋಟೋವೂ ಭುಜದ ಪಕ್ಕಕ್ಕೇ, ತಲೆಯ ಮೇಲಕ್ಕೇ ಮುಗಿದುಹೋಗಿತ್ತು. ಸುತ್ತಲೂ ಹಲ್ಲುಹಲ್ಲಿನ ಅಂಚು. ಬಟ್ಟೆಯ ಎಳೆ ಬಿಡದಂತೆ ಕತ್ತರಿಸುವ ಹಲ್ಲಿನ ಕತ್ತರಿಯಲ್ಲಿ ದೊಡ್ಡಮ್ಮ ಒಂದೊಂದನ್ನೂ ಒಪ್ಪಮಾಡಿದ್ದಳು. ಕಂಬ ಇಲ್ಲ, ಬೀದಿ ಇಲ್ಲ, ಬಾಗಿಲೂ ಇಲ್ಲ.

ಇಷ್ಟು ವರ್ಷ ಈ ಆಲ್ಬಂ ತಿರುವಿ ಹಾಕಿದ್ದೇನೆ, ಒಂದು ದಿನವೂ ಇದು ಕಣ್ಣಿಗೆ ಬಿದ್ದಿರಲಿಲ್ಲ. ನಮ್ಮ ನಮ್ಮ ಮುಖ ಹುಡುಕುವವರಿಗೆ ಬೇರೇನು ಕಾಣುತ್ತದೆ!

"ಆಲ್ಬಂನ ಖಾನೆ ಚಿಕ್ಕದಿತ್ತು ಕಣೇ" ಎಂದಳು ದೊಡ್ಡಮ್ಮ, ನಾನು ಕೇಳುವ ಮೊದಲೇ. ಬೀಗರು ಒಂದೊಂದೇ ಪುಟ ಮಗುಚಿದರು. ಕೊನೆಯ ಪುಟ ಆದ ಮೇಲೆ ಮತ್ತೆ ಮೊದಲಿನಿಂದ ಮಗುಚಿದರು.

"ಕೆಲಸ ಬಹಳ ಅಚ್ಚುಕಟ್ಟಾಗಿದೆ ಅಕ್ಕಾವ್ರೇ" ಎಂದರು. ಆ ಮನುಷ್ಯ ವ್ಯಂಗ್ಯ ಬಲ್ಲವರಲ್ಲ. ದೊಡ್ಡಮ್ಮನ ಕೆಲಸವನ್ನು ಯಾರಾದರೂ ಹೊಗಳಿದಾಗ ಅವಳು ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಬರೀ ಖಾನೆ ಚಿಕ್ಕದು ಅಂತ ಅಲ್ಲ ಬೀಗ್ರೇ, ಸುಳ್ಳು ಯಾಕೆ ಹೇಳ್ಲಿ" ಎಂದಳು. "ನಮ್ಮ ಫೋಟೋದಲ್ಲಿ ಇವಳ್ಯಾಕೆ ಬಂದು ನಿಲ್ತಾಳೆ ಅಂತ ಸಿಟ್ಟು ಬರ್ತಿತ್ತು ನಂಗೆ. ಒಂದೆರಡು ಸಲ, ಆಚೆ ಸರೀರಿ ಅಂತ ಗದರಿದ್ದೂ ಉಂಟು. ಒಂದು ಹೆಜ್ಜೆ ಹಿಂದಕ್ಕೆ ಹೋಗಿ ಅಲ್ಲೇ ನಿಲ್ಲೋಳು. ಹಟಮಾರಿ ಅಂದ್ಕೊಂಡೆ."

"ಕತ್ತರಿಸಿದ ಚೂರು ಏನ್ಮಾಡಿದ್ರಿ?" ಎಂದು ಕೇಳಿದರು ಬೀಗರು.

ದೊಡ್ಡಮ್ಮ ತಟ್ಟನೆ ಎದ್ದಳು. ಮೊಣಕಾಲು ನೋವಿನವಳು ಹಾಗೆ ಎದ್ದದ್ದನ್ನು ಕಂಡು ನಾನೇ ಗಾಬರಿಯಾದೆ. ಗಟ್ಟಿ ಕಾಗದ, ಯಾಕೆ ಬಿಸಾಡಬೇಕು ಎಂದು ಆ ಚೂರುಗಳಿಗೆ ಬಿಡಿ ದಾರ ಸುತ್ತಿ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಿದ್ದಳಂತೆ. ಮಂಚದಡಿಯ ಪೆಟ್ಟಿಗೆಯಿಂದ ಡಬ್ಬಿ ಹೊರಬಂತು. ಹೆಚ್ಚಿನವು ಎಂದೋ ಖಾಲಿಯಾಗಿ ಕಸಕ್ಕೆ ಹೋಗಿದ್ದವು, ಉಳಿದದ್ದು ನಾಲ್ಕೈದು. ಮೂವರೂ ನೆಲದ ಮೇಲೆ ಕೂತು ದಾರ ಬಿಚ್ಚತೊಡಗಿದೆವು. ನಾನು ಆತುರಕ್ಕೆ ಎಳೆದರೆ ದೊಡ್ಡಮ್ಮ, "ಮೆಲ್ಲಗೆ ಕಣೇ, ಮೆಲ್ಲಗೆ! ಸವೆದುಹೋಗಿರುತ್ತೆ" ಎಂದು ಕೈಮೇಲೆ ಹೊಡೆದಳು.

ಒಂದು ಚೂರಿನಲ್ಲಿ ಬರೀ ಗೋಡೆ. ಇನ್ನೊಂದರಲ್ಲಿ ಅಂಗಡಿಗೆ ತೂಗುಹಾಕಿದ್ದ ತಗಡಿನ ಬೀಗ. ಮತ್ತೊಂದರಲ್ಲಿ ಆಕೆಯೇ ಇದ್ದಿರಬೇಕು, ಆದರೆ ದಾರ ಬಿಗಿದು ಬಿಗಿದು ಚಿತ್ರವೆಲ್ಲ ಗೆರೆಗೆರೆಯಾಗಿ ಎದ್ದುಹೋಗಿತ್ತು. ಮುಖ ಇರಬೇಕಾದಲ್ಲಿ ಬಿಳಿ ಕಾಗದ. ದೊಡ್ಡಮ್ಮ ಅದನ್ನು ಬೆಳಕಿಗೆ ಹಿಡಿದಳು, ಸೆರಗಿನಿಂದ ಒರೆಸಿದಳು, ಕನ್ನಡಕ ತೆಗೆದು ನೋಡಿದಳು, ಹಾಕಿಕೊಂಡು ನೋಡಿದಳು. ಏನೂ ಕಾಣಲಿಲ್ಲ.

ಕೊನೆಯ ಚೂರು ಚೆನ್ನಾಗಿ ಉಳಿದಿತ್ತು. ಮೆಟ್ಟಿಲು, ಹೊಸ್ತಿಲು, ಹೊಸ್ತಿಲ ಮೇಲೆ ಎರಡು ಪಾದ. ಪಾದಗಳಿಗೆ ಚಪ್ಪಲಿ, ಮೇಲೆ ಸಣ್ಣ ಲೋಹದ ಹೂವು ಹಾಕಿದ್ದು.

ಬೀಗರು ಅದನ್ನು ಬಹಳ ಹೊತ್ತು ನೋಡಿದರು. "ಚಪ್ಪಲಿ ಅವಳದ್ದೇ" ಎಂದರು. ಆಮೇಲೆ ಹುಬ್ಬು ಗಂಟಿಕ್ಕಿದರು. "ಇದು ನೆಂಟರ ಮನೆಗೆ ಹೋಗೋವಾಗ ಹಾಕ್ಕೊಳ್ತಿದ್ದ ಜೊತೆ. ಪೆಟ್ಟಿಗೇಲಿ ಬಟ್ಟೆ ಸುತ್ತಿ ಇಡೋಳು. ಅಂಗಡಿ ಬಾಗಿಲಿಗೆ ಬರೋಕೆ ಯಾಕೆ ಹಾಕ್ಕೊಂಡ್ಳು?"

ಅವರ ಮುಖ ನೋಡನೋಡುತ್ತಲೇ ಬಾಡಿತು.

"ಅಯ್ಯೋ" ಎಂದರು. "ಆ ಫೋಟೋದವನು ಬೀದಿಗೆ ಬಂದಾಗೆಲ್ಲ ಕೇಳೋಳು ಅಕ್ಕಾವ್ರೇ, ನಾವೂ ಒಂದು ತೆಗೆಸೋಣ್ವಾ ಅಂತ. ನಂಗೆ ಅಂಗಡಿ ಬಿಟ್ಟು ಏಳೋಕೆ ಸೋಮಾರಿತನ. ಎದುರು ಮನೆಯವರದ್ರಲ್ಲಿ ನೀನೂ ಬಂದೇ ಬರ್ತೀಯಲ್ಲೇ, ಹೋಗಿ ನಿಂತ್ಕೋ, ನಮಗೆ ಬೇರೆ ಯಾಕೆ ಅಂದ್ಬಿಟ್ಟಿದ್ದೆ."

ದೊಡ್ಡಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಜೀವಮಾನವಿಡೀ ಎಲ್ಲರಿಗೂ ಎದುರುತ್ತರ ಕೊಟ್ಟವಳು ಆವತ್ತು ಅತ್ತುಬಿಟ್ಟಳು. "ಅತ್ತು ಏನು ಮಾಡೋದು ಅಕ್ಕಾವ್ರೇ, ಬಿಡಿ" ಎಂದು ಬೀಗರೇ ಅವಳನ್ನು ಸಮಾಧಾನ ಮಾಡಿದರು.

ಹಾಲ್‌ನಲ್ಲಿ ಬೇರೆಯವರ ಫೋಟೋಗಳ ನಡುವೆ ಆ ಚೂರನ್ನೂ ದೊಡ್ಡದು ಮಾಡಿಸಿ ಹಾಕಿದೆವು. ನೋಡಲು ಬಂದವರು, "ಇದೇನಿದು, ಬರೀ ಕಾಲು!" ಎಂದು ನಕ್ಕು ಮುಂದೆ ಹೋಗುತ್ತಿದ್ದರು. ದೊಡ್ಡಮ್ಮ ಅದರ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ನಕ್ಕವರನ್ನೆಲ್ಲ ವಾಪಸ್ ಕರೆದು ಹೇಳುತ್ತಿದ್ದಳು, "ಬರೀ ಕಾಲಲ್ಲ. ಆಕೆ ಪೂರ್ತಿ ನಿಂತಿದ್ಳು. ಕತ್ತರಿಸಿದ್ದು ನಾನು."