ಪಂಪ್ ಕಂಪನಿಯ ಚರಿತ್ರೆಯಲ್ಲಿ ಬಿಟ್ಟುಹೋದ ಪುಟ

ಕಳೆದ ವಾರ ಮನೆಯ ಬಾಯ್ಲರ್ ರಿಪೇರಿಗೆ ಬಂದವನು ಹಳೆಯ ಪಂಪನ್ನು ಬಿಚ್ಚಿ ನೆಲದ ಮೇಲಿಟ್ಟ. ತುಕ್ಕೂ ಗ್ರೀಸೂ ಬೆರೆತ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಲೀಡ್ಸ್ ನೆನಪಾಯಿತು. ನಗಬೇಡಿ, ಒಬ್ಬೊಬ್ಬರಿಗೆ ಒಂದೊಂದು ಪರಿಮಳ.

ಈಗ ಬರ್ಚ್‌ವುಡ್ ಎಂಬ ಊರಿನ ಆಫೀಸಿನಲ್ಲಿ ಕೂರುವ ನಾನು, ಇಂಗ್ಲೆಂಡಿಗೆ ಬಂದ ಹೊಸದರಲ್ಲಿ ಲೀಡ್ಸಿನ ಹಳೆಯ ಪಂಪ್ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದೆ. ಕಲ್ಲಿದ್ದಲ ಗಣಿಗಳ ನೀರೆತ್ತಿ ಹೆಸರು ಮಾಡಿದ್ದ ಕಂಪನಿ. ಗಣಿಗಳು ಮುಚ್ಚಿದ ಮೇಲೆ ಅದೂ ಸೊರಗಿತ್ತು. ಬಾಗಿಲು ಹಾಕುವ ಮೊದಲು ಒಂದು ಪುಟ್ಟ ಚರಿತ್ರೆ ಅಚ್ಚಾಗಲಿ ಎಂದು ಮ್ಯಾನೇಜರ್ ಕೀತ್ ಆ ಕೆಲಸವನ್ನು ನನಗೆ ಅಂಟಿಸಿದ. ಯಾರಿಗೂ ಬೇಡವಾದ ಕೆಲಸವನ್ನು ಗೌರವವೆಂದು ಭಾವಿಸಿ ಒಪ್ಪಿಕೊಂಡೆ.

ಹಳಬರನ್ನು ಹುಡುಕುತ್ತ ಜೀನ್ ಎಂಬ ವೃದ್ಧೆಯ ಮನೆಗೆ ಹೋದೆ. ಎಂಜಿನಿಯರುಗಳ ಪೆನ್ಸಿಲ್ ನಕ್ಷೆಗಳನ್ನು ಶಾಯಿಯಲ್ಲಿ ನಕಲು ಮಾಡುವುದು ಒಂದು ಕಾಲಕ್ಕೆ ಅವರ ಕೆಲಸವಾಗಿತ್ತು. ಚಹಾ ಬಗ್ಗಿಸುತ್ತ ಹೇಳಿದರು:

"ಒಂದು ಗಣಿ ಪಂಪಿನ ನಕ್ಷೆಯಲ್ಲಿ ನೀರು ತಳ್ಳುವ ಚಕ್ರದ ಅಲಗುಗಳು ಉಲ್ಟಾ ಬಾಗಿದ್ದವು. ಹೇಳಿದೆ. ನಿನ್ನ ಕೆಲಸ ನಕಲು ಮಾಡೋದು ಅಷ್ಟೇ ಅಂದರು ಎಂಜಿನಿಯರ್. ನಾನು ಅಲಗುಗಳನ್ನು ತಿದ್ದಿ ಸರಿಯಾಗಿಯೇ ಬರೆದೆ. ಪಂಪು ಓಡಿತು. ಆಮೇಲೆ ಯಾರೂ ಕೇಳಲಿಲ್ಲ."

ಇದನ್ನೊಂದು ಪುಟವಾಗಿ ಬರೆದೆ. "ದಾಖಲೆ ಎಲ್ಲಿದೆ?" ಎಂದು ಕೀತ್ ಅಡ್ಡಗೆರೆ ಎಳೆದ. ನಾನು ಸರಿಯೆಂದು ತಲೆಯಾಡಿಸಿದೆ.

"ರೀ, ಒಂದ್ ಮಾತೂ ಆಡ್ಲಿಲ್ವಾ ನೀವು?" ಅಂದಳು ಹೆಂಡತಿ ಸುಧಾ.

"ನನ್ನ ವೀಸಾ ಆ ಕಂಪನಿ ಕೈಲಿದೆ ಕಣೇ."

ಅಚ್ಚಾದ ಪುಸ್ತಕವನ್ನು ಜೀನ್ ಎರಡು ಸಲ ತಿರುವಿಹಾಕಿ, "ಫೋಟೋಗಳು ಚೆನ್ನಾಗಿವೆ" ಎಂದಷ್ಟೇ ಅಂದರು. ಆಮೇಲೆ ನಾನು ಆ ಬೀದಿಯ ಕಡೆ ಹೋಗಲಿಲ್ಲ.

ಮೊನ್ನೆ ಶನಿವಾರ ಮತ್ತೆ ಲೀಡ್ಸಿಗೆ ಹೋದೆ. ಜೀನ್ ಈಗ ವೃದ್ಧರ ಕೇರ್ ಹೋಮಿನಲ್ಲಿದ್ದಾರೆ, ನೆನಪು ಗಟ್ಟಿಯಾಗಿದೆ. ಅಂದು ಕೈಬಿಟ್ಟ ಪುಟವನ್ನು ಓದಿ ಹೇಳಿದೆ. ಅರ್ಧದಲ್ಲಿ ಕೈಯೆತ್ತಿ ತಡೆದರು.

"ಧೈರ್ಯದಿಂದ ತಿದ್ದಿದಳು ಅಂತ ಬರೆದಿದ್ದೀಯ. ಧೈರ್ಯ ಎಲ್ಲಿತ್ತು? ಹೆದರಿ ತಿದ್ದಿದೆ. ಪಂಪು ನೀರೆತ್ತದಿದ್ದರೆ ಗಣಿಯ ತಳ ಮುಳುಗುತ್ತಿತ್ತು. ಅಲ್ಲಿ ನಮ್ಮಣ್ಣ ಇದ್ದ."

ಪೆನ್ನು ತೆಗೆದು ಆ ಪದವನ್ನು ಹೊಡೆದುಹಾಕಿದೆ. ಅಣ್ಣನ ಹೆಸರನ್ನು ಅವರು ಅಕ್ಷರ ಬಿಡಿಸಿ ಹೇಳಿದರು, ಬರೆದುಕೊಂಡೆ. ಹಾಳೆಯನ್ನು ಲೀಡ್ಸಿನ ಲೈಬ್ರರಿಗೆ ಕೊಟ್ಟು, ರೈಲು ಹತ್ತಿ ಸುಧಾಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಅವರಣ್ಣ ಏನಾದ್ರು?" ಕೇಳಿದಳು.

"ರಿಟೈರ್ ಆಗೋವರೆಗೂ ಅದೇ ಗಣೀಲಿ ಕೆಲಸ ಮಾಡಿದ್ರಂತೆ," ಅಂದೆ. "ತಂಗಿ ನಕ್ಷೆ ತಿದ್ದಿದ್ದು ಅವರಿಗೆ ಕೊನೇವರೆಗೂ ಗೊತ್ತಿರಲಿಲ್ಲವಂತೆ."