ಧರ್ಮಣ್ಣ ಮಾಸ್ತರರ ಶಾಲೆಯಲ್ಲಿ ಮಕ್ಕಳ ನ್ಯಾಯ

ಧರ್ಮಣ್ಣ ಮಾಸ್ತರರಿಗೆ ಬೆತ್ತವಿಲ್ಲದೆ ಪಾಠ ಹೇಳಲು ಬರುತ್ತಿರಲಿಲ್ಲ. ಜೇವರ್ಗಿಯಲ್ಲಿ ಉರ್ದು ಕಲಿಯುವಾಗ ಉಸ್ತಾದರಿಂದ ದಿನಾ ಏಟು ತಿಂದೇ ಅವರಿಗೆ ಅಕ್ಷರ ತಲೆಗೆ ಹತ್ತಿತ್ತು. ತಾವು ಮಾಸ್ತರರಾದ ಹನ್ನೆರಡು ವರ್ಷವೂ ಹಾಗೆಯೇ ಕಲಿಸಿದ್ದರು. ಅಫಜಲಪುರ ತಾಲೂಕಿನಲ್ಲಿ, ಮಣ್ಣೂರಿನಿಂದ ಎರಡು ಹರದಾರಿ ಆಚೆಯ ಹಳ್ಳಿಯಲ್ಲಿ ಅವರ ಶಾಲೆ. ಒಂದೇ ಕೋಣೆ, ನಾಲ್ಕು ಇಯತ್ತೆ, ನಲವತ್ತು ಮಕ್ಕಳು.

ನಿಜಾಮನ ಪರ ಊರೂರು ಸುಲಿಯುತ್ತಿದ್ದ ರಜಾಕಾರರ ಗದ್ದಲದಲ್ಲಿ ಶಾಲೆ ಆರು ತಿಂಗಳು ಮುಚ್ಚಿತ್ತು. ಊರಿನ ಅರ್ಧ ಜನ ಭೀಮಾ ನದಿ ದಾಟಿ ಓಡಿಹೋಗಿದ್ದರು. ನಲವತ್ತೆಂಟರ ಸೆಪ್ಟೆಂಬರಿನಲ್ಲಿ ಹಿಂದೂಸ್ತಾನದ ಫೌಜು ಬಂದು ನಿಜಾಮನ ಆಳ್ವಿಕೆ ಮುಗಿಯಿತು, ಓಡಿಹೋದವರು ಮರಳಿದರು. ಈಗ ಹೆದರುವ ಸರದಿ ಊರಿನ ಮುಸಲ್ಮಾನರದಾಯಿತು. ದೀಪಾವಳಿ ಕಳೆದು ಶಾಲೆ ತೆರೆದಾಗ ಅವರ ಮನೆಗಳಿಂದ ಬಂದದ್ದು ಒಂದೇ ಮಗು. ಹತ್ತಿ ಹಿಂಜುವ ಲಾಡ್ಲೆಸಾಬನ ಮಗಳು, ಒಂಬತ್ತು ವರ್ಷದ ಕುಲಸುಮಬಿ.

ನಾಲ್ಕನೆಯ ದಿನ ಭೀಮಶಾ ಎಂಬ ಹುಡುಗ ಅವಳ ಬರೆಯುವ ಪಾಟಿ ಕಸಿದು ಕಲ್ಲಿಗೆ ಅಪ್ಪಳಿಸಿ ಒಡೆದ. ಅವನ ಮನೆಯ ಬಣವಿಗೆ ರಜಾಕಾರರು ಬೆಂಕಿ ಹಚ್ಚಿದ್ದರು. ಮಾಸ್ತರರು ಬೆತ್ತ ಎತ್ತಿದ್ದೇ ತಡ, ನಾಲ್ಕನೇ ಇಯತ್ತೆಯ ಶರಣಬಸಮ್ಮ ಎದ್ದು ನಿಂತಳು.

"ಹೊಡೀಬ್ಯಾಡ್ರಿ ಮಾಸ್ತರ. ನೀವು ಇಲ್ಲಿ ಒಂದು ಹೊಡದ್ರ, ಇವ ಹಾದ್ಯಾಗ ಆಕಿಗೆ ನಾಕು ಹೊಡೀತಾನ. ಹಿಂದ ನನಗೂ ಹಂಗೇ ಆಗ್ಯಾದ."

ಎತ್ತಿದ ಕೈ ಅಲ್ಲೇ ನಿಂತಿತು. ಹನ್ನೆರಡು ವರ್ಷದಲ್ಲಿ ಈ ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ.

"ಮತ್ತೇನು ಮಾಡ್ಲಿ ಬೇ?"

"ನಾವೇ ಮಾತಾಡ್ತೀವ್ರಿ. ನೀವು ಹೊರಗ ಕುಂದರ್ರಿ."

ಮಾಸ್ತರರು ಬೇವಿನ ಮರದ ಕೆಳಗೆ ಹೋಗಿ ಕುಳಿತರು. ಒಳಗೆ ಯಾರಾದರೂ ಕೈ ಎತ್ತಿದರೆ ಸುದ್ದಿ ಹಿರಿಯರಿಗೆ ಮುಟ್ಟುತ್ತದೆ. ಸೇಡು ತೀರಿಸಿಕೊಳ್ಳಲು ಹಿರಿಯರಿಗೆ ಒಂದು ನೆಪ ಸಾಕಾಗಿತ್ತು. ಮೊದಲು ಗಲಾಟೆ ಕೇಳಿಸಿತು, ಆಮೇಲೆ ಭೀಮಶಾನ ಅಳು, ಆಮೇಲೆ ಏನೂ ಇಲ್ಲ. ತಡೆಯಲಾರದೆ ಎದ್ದು ಹೋಗಿ ಇಣುಕಿದರು. ಮಕ್ಕಳೆಲ್ಲ ಸುತ್ತುಗಟ್ಟಿ ಕುಳಿತಿದ್ದರು.

"ಹೊಸಾದು ಬರೂತನಕ ಇಬ್ಬರೂ ಒಂದೇ ಪಾಟಿಮ್ಯಾಗ ಬರೀಬೇಕ್ರಿ, ಬಾಜೂಕ ಕುಂತು," ಎಂದಳು ಶರಣಬಸಮ್ಮ. "ಮನೀ ಜಗಳ ಹೊಸ್ತಿಲದಾಚೆ ಬಿಟ್ಟು ಬರಬೇಕು. ತಂದವರಿಗೆ ಅವತ್ತು ಆಟ ಇಲ್ಲ. ವಾರಕ್ಕ ಇಬ್ಬಿಬ್ಬರು ಇದನ್ನ ನೋಡಿಕೊಳ್ಳೋದು."

"ಭೀಮಶಾ ಒಪ್ಪಿದನೇನು?"

"ಬಣವಿ ಆಕಿ ಸುಟ್ಟಿಲ್ರಿ," ಎಂದ ಭೀಮಶಾ, ನೆಲ ನೋಡುತ್ತ.

ಆದರೆ ಮರುದಿನ ಕುಲಸುಮಬಿ ಬರಲಿಲ್ಲ. ಅದರ ಮರುದಿನವೂ ಇಲ್ಲ. ಲಾಡ್ಲೆಸಾಬ ಊರು ಬಿಡಲು ಗಾಡಿಗೆ ಸಾಮಾನು ಹೇರುತ್ತಿದ್ದಾನೆಂದು ಸುದ್ದಿ ಬಂತು. ಅವನ ಮನೆಗೆ ಹೋಗಬೇಕೆಂದು ಮಾಸ್ತರರು ಎರಡು ಸಲ ಚಪ್ಪಲಿ ಮೆಟ್ಟಿದರು. ಹೋಗಿ ಏನು ಹೇಳುವುದು, ಯಾವ ಭರವಸೆ ಕೊಡುವುದು ಎಂದು ತಿಳಿಯದೆ ಎರಡು ಸಲವೂ ಬಿಟ್ಟರು.

ಮೂರನೆಯ ದಿನ ಶಾಲೆಯ ಬಾಗಿಲು ತೆರೆಯಲು ಬಂದರೆ ಅಂಗಳದಲ್ಲಿ ಒಂದು ಮಗುವೂ ಇಲ್ಲ. ಮತ್ತೆ ಏನು ಅನಾಹುತವಾಯಿತೋ ಎಂದು ಅವರು ಓಣಿಯತ್ತ ಹೊರಟರು. ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ಧೂಳೆದ್ದಿತು. ಮಕ್ಕಳೆಲ್ಲ ಒಟ್ಟಿಗೆ ಬರುತ್ತಿದ್ದರು, ನಡುವೆ ಕುಲಸುಮಬಿ, ಹಿಂದೆ ಲಾಡ್ಲೆಸಾಬ.

"ಮಾಸ್ತರ, ಈ ಹುಡುಗ್ರು ನಸುಕಿನ್ಯಾಗೇ ಬಂದು ನಮ್ಮ ಬಾಗಲದಾಗ ಕುಂತುಬಿಟ್ರು, ಏಳವಲ್ರು," ಎಂದ ಲಾಡ್ಲೆಸಾಬ. "ಈ ಭೀಮಶಾ ಅಂತಾನ, 'ಕಾಕಾ, ನನ್ನ ಪಾಟಿ ಅರ್ಧ ಖಾಲಿ ಅದ' ಅಂತ. ಏನು ಹೇಳ್ಲಿ? ಗಾಡಿ ಬಿಚ್ಚಿದೆ."

ಮಾಸ್ತರರು ಒಳಗೆ ಹೋಗಿ ಹಾಜರಿ ಪುಸ್ತಕ ತೆರೆದರು.

"ಕುಲಸುಮಬಿ."

"ಹಾಜಿರ್ ರೀ."

ಸರಿಯಾಗಿ ಕೇಳಲಿಲ್ಲವೆಂದು ನೆವ ಹೇಳಿ, ಮಾಸ್ತರರು ಅವಳ ಹೆಸರನ್ನು ಇನ್ನೊಮ್ಮೆ ಕರೆದರು.