ಗಿರ್ದಾವರ ಸಾಹೇಬರಿಗೆ ಮಾಡಿದ ಕೋಳಿಸಾರು

ನಿಜಾಮರ ಆಳ್ವಿಕೆಯ ಆ ದಿನಗಳಲ್ಲಿ ನಮ್ಮ ಕಮಲಾಪುರದಲ್ಲಿ ಯಾರ ಮನೆಯಲ್ಲಿ ಕೋಳಿ ಮಾಡಿದರೂ ಅದನ್ನು ಮುಲ್ಲಾಸಾಬರೇ ಕೊಯ್ಯಬೇಕು. ನಮ್ಮಂಥ ಹಿಂದೂಗಳ ಮನೆಯದಾದರೂ ಅಷ್ಟೇ. ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಮಸೀದಿಯ ಪಕ್ಕದ ಅವರ ಮನೆಗೆ ಹೋಗುವ ಕೆಲಸ ನನ್ನದು. ಅವರು ದೇವರ ಹೆಸರು ಹೇಳಿ ಕೊಯ್ದು, ತಮ್ಮ ಪಾಲಿನ ತುಂಡು ತೆಗೆದುಕೊಂಡು ಕಳಿಸುತ್ತಿದ್ದರು. ಹಾಗೆ ಕೊಯ್ಯದ ಕೋಳಿಯನ್ನು ಮುಸಲ್ಮಾನರು ಮುಟ್ಟುತ್ತಿರಲಿಲ್ಲ.

ನನಗಾಗ ಎಂಟು ವರ್ಷ. ಅಪ್ಪ ಊರ ಚಾವಡಿಯಲ್ಲಿ ಸೇವಕ. ಒಂದು ಬೆಳಿಗ್ಗೆ ಕಲಬುರಗಿಯಿಂದ ಕಂದಾಯದ ಅಧಿಕಾರಿ ಗಿರ್ದಾವರ ಸಾಹೇಬರು ಹೊಲಗಳ ತಪಾಸಣೆಗೆ ಬರುತ್ತಾರೆ, ಮಧ್ಯಾಹ್ನದ ಊಟ ನಮ್ಮಲ್ಲೇ ಎಂದು ಸುದ್ದಿ ಬಂತು. ಹಿಂದಿನ ವರ್ಷ ಪಕ್ಕದ ಊರಿನ ಸೇವಕ ಅವರ ಕುದುರೆಗೆ ನೀರು ತಡಮಾಡಿ ಕೊಟ್ಟನೆಂದು ಕೆಲಸವನ್ನೇ ಕಳೆದುಕೊಂಡಿದ್ದ. ಅಪ್ಪನ ಮುಖ ಬಿಳಿಚಿಕೊಂಡಿತ್ತು.

"ಲಗೂನ ಹೋಗಿ ಕೊಯ್ಯಿಸ್ಕೊಂಡು ಬಾ. ತಡ ಆದ್ರ ಚರ್ಮ ಸುಲೀತೀನಿ," ಎಂದ.

ಮುಲ್ಲಾಸಾಬರ ಮನೆಗೆ ಬೀಗ. ಕಲಬುರಗಿಗೆ ಹೋಗಿದ್ದಾರೆ, ಬರುವುದು ಸಂಜೆಗೇ ಎಂದು ನೆರೆಯವರು ಹೇಳಿದರು. ನನ್ನ ಕೈಕಾಲು ತಣ್ಣಗಾದವು. ವಾಪಸು ಬರುವ ದಾರಿಯಲ್ಲಿ ಬೇವಿನ ಮರದ ಕೆಳಗೆ ನಮ್ಮ ಓಣಿಯ ಭೀಮಣ್ಣ ಕಾಕಾ ಕುಡುಗೋಲು ಮಸೆಯುತ್ತ ಕೂತಿದ್ದ.

"ಯಾಕ ಅಳಾಕತ್ತಿ, ನೀಲಿ?"

"ಕೋಳಿ ಕೊಯ್ಯಾಕ ಯಾರೂ ಇಲ್ಲ, ಕಾಕಾ."

"ಇಷ್ಟಕ್ಕ ಅಳತಾರೇನು? ತಾ ಇಲ್ಲಿ."

ಅಲ್ಲೇ ಕೊಯ್ದುಕೊಟ್ಟ. ಆ ಕೋಳಿ ಯಾರ ಊಟಕ್ಕೆಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

"ಮುಲ್ಲಾಸಾಬರು ಕೊಯ್ದಾರಲ್ಲ?" ಎಂದು ಮನೆಯಲ್ಲಿ ಅವ್ವ ಕೇಳಿದಾಗ ಸುಮ್ಮನೆ ತಲೆಯಾಡಿಸಿದೆ. ಸುಳ್ಳನ್ನು ಬಾಯಿಬಿಟ್ಟು ಹೇಳುವಷ್ಟು ಧೈರ್ಯವೂ ನನಗಿರಲಿಲ್ಲ.

ಅವ್ವ ಉಳ್ಳಾಗಡ್ಡಿಯನ್ನು ಕೆಂಡದಲ್ಲಿ ಸುಟ್ಟಳು. ಒಣಕೊಬ್ಬರಿ, ಗಸಗಸೆ, ಕೊತ್ತಂಬರಿ ಬೀಜ, ಲವಂಗ, ಚಕ್ಕೆ ಹುರಿದು ಕಲ್ಲಿನಲ್ಲಿ ಅರೆದಳು. ಬೇರೆ ದಿನವಾಗಿದ್ದರೆ ಒಲೆಯ ಮುಂದೆಯೇ ಕೂತು ಹುರಿದ ಕೊಬ್ಬರಿ ಕದಿಯುತ್ತಿದ್ದೆ. ಅಂದು ಸಾರು ಕುದಿದು ಘಮ ಏರಿದಷ್ಟೂ ಒಲೆಯಿಂದ ದೂರ ದೂರ ಸರಿದೆ. ಗಡಿಗೆ ಒಡೆದು ಎಲ್ಲ ಒಲೆಯ ಪಾಲಾಗಲಿ ಎಂದು ದೇವರನ್ನು ಬೇಡಿಕೊಂಡೆ. ಗಡಿಗೆ ಗಟ್ಟಿಯಾಗಿತ್ತು.

ಸಾಹೇಬರು ಬಂದು ಪಡಸಾಲೆಯಲ್ಲಿ ಕೂತರು. ಅಪ್ಪ ಜೋಳದ ರೊಟ್ಟಿ ಹಾಕಿ ಸಾರಿನ ಬಟ್ಟಲು ಇಟ್ಟ. ಅವರು "ಬಿಸ್ಮಿಲ್ಲಾ" ಎಂದು ರೊಟ್ಟಿ ಮುರಿದದ್ದೇ ತಡ, ನಾನು ಒಳಗೋಡಿ ಅವ್ವನ ಸೆರಗು ಹಿಡಿದೆ.

"ಅವ್ವಾ, ಅದನ್ನ ಭೀಮಣ್ಣ ಕಾಕಾ ಕೊಯ್ದಾನ."

ಅವ್ವ ನನ್ನನ್ನೊಮ್ಮೆ ನೋಡಿದಳು. ಪರಗಂಡಸರೆದುರು ಎಂದೂ ಮಾತಾಡದ ಹೆಂಗಸು, ಅಡುಗೆಮನೆಯ ಬಾಗಿಲ ಮರೆಯಿಂದಲೇ ಹೇಳಿದಳು.

"ಸಾಹೇಬ್ರ, ಸಾರು ಮುಟ್ಟಬ್ಯಾಡ್ರಿ. ಮುಲ್ಲಾಸಾಬರು ಊರಾಗಿಲ್ರಿ. ಬ್ಯಾರೆಯವರ ಕೈಲೆ ನಾನೇ ಕೊಯ್ಯಿಸೀನಿ. ತಪ್ಪು ನಂದ್ರಿ."

ಅಪ್ಪನ ಕೈಯ ತಂಬಿಗೆ ವಾಲಿ ನೀರು ನೆಲಕ್ಕೆ ಸುರಿಯುತ್ತಿದ್ದರೂ ಅವನಿಗೆ ಅರಿವಿರಲಿಲ್ಲ. ಸಾಹೇಬರು ಬಟ್ಟಲನ್ನು ದೂರ ಸರಿಸಿದರು. ಈಗ ಏಳುತ್ತಾರೆ, ಈಗ ಒದೆಯುತ್ತಾರೆ ಎಂದು ನಾನು ಕಣ್ಣು ಮುಚ್ಚಿಕೊಂಡೆ.

"ಪ್ಯಾಜ್ ಅದ ಏನು?" ಅವರ ದನಿ ಕೇಳಿತು. "ಚಟ್ನಿ ಬಿ ನಡೀತದ."

ಉಳ್ಳಾಗಡ್ಡಿ, ಚಟ್ನಿ ಹಚ್ಚಿಕೊಂಡೇ ಎರಡು ರೊಟ್ಟಿ ತಿಂದರು. ಕುದುರೆ ಹತ್ತುವಾಗ ಅಪ್ಪನಿಗೆ, "ಘರ್‌ವಾಲಿಗಿ ಏನೂ ಅನಬ್ಯಾಡ," ಎಂದು ಹೇಳಿ ಹೋದರು.

ಅಪ್ಪನ ಕೆಲಸ ಉಳಿಯಿತು. ಆದರೂ ಎಂಟು ದಿನ ಅವ್ವನ ಜೊತೆ ಮಾತು ಬಿಟ್ಟ. ಆ ಎಂಟು ದಿನವೂ ನಾನು ಹೆದರಿ ಹೆದರಿ ಅವ್ವನ ಬಾಯನ್ನೇ ನೋಡುತ್ತಿದ್ದೆ. ನನ್ನ ಹೆಸರು ಅವಳ ಬಾಯಿಂದ ಬರಲಿಲ್ಲ, ಸಾಯುವ ತನಕವೂ ಬರಲಿಲ್ಲ.

ಈಗ ನಾನು ಕಲಬುರಗಿಯಲ್ಲಿದ್ದೇನೆ. ಸೊಸೆ ಅಂಗಡಿಯಿಂದ ಕೊಯ್ದ ಕೋಳಿಯನ್ನೇ ತರುತ್ತಾಳೆ. ಯಾರು ಕೊಯ್ದರೆಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ. ಅವ್ವನ ಮಸಾಲೆ ಹುರಿಯುವಾಗ ನನಗೆ ಮಾತ್ರ ಇಂದಿಗೂ ಕೈ ತಣ್ಣಗಾಗುತ್ತದೆ. ಮೊನ್ನೆ ಮರೆತು ಸಾರಿಗೆ ಎರಡು ಸಲ ಉಪ್ಪು ಹಾಕಿಬಿಟ್ಟೆ. ಊಟಕ್ಕೆ ಕೂತವರೆಲ್ಲ ನನ್ನ ಮುಖ ನೋಡಿದರು. ನಾನು ಅಡುಗೆಮನೆಯ ಬಾಗಿಲ ಕಡೆ ನೋಡಿದೆ. ತಪ್ಪು ನಂದ್ರಿ ಎನ್ನಲು ಅಲ್ಲಿ ಯಾರೂ ಇರಲಿಲ್ಲ.